ದೇವರಾಜ ಅರಸರ ಜೀವನವೂ ಹಕ್ಕಿನ ಪ್ರಶ್ನೆಯೂ



ಈ ಮಹೋತ್ಸವದಲ್ಲಿ ಶರಣರ ಚರಿತ್ರೆಯನ್ನೂ ಮಠದ ಪೂರ್ವೇತಿಹಾಸವನ್ನೂ ಕುರಿತು ಬಲ್ಲವರು ವಿಸ್ತಾರವಾಗಿ ಉಪನ್ಯಾಸಮಾಡಿರುವರು. ನನ್ನ ಪಾಲಿಗೆ ಬಂದಿರುವ ವಿಷಯವು ಬೇರೊಂದು ತೆರನಾದುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಹುಟ್ಟಿ, ನಾಡಿನ ಮುಖ್ಯಮಂತ್ರಿಯಾಗಿ, ಹಿಂದುಳಿದವರ ಹಕ್ಕನ್ನು ಕಾಯಿದೆಯ ಮಾತಿಗೆ ತಂದ ದೇವರಾಜ ಅರಸರ ಜೀವನವನ್ನು ಕುರಿತು ನಾನು ಮಾತನಾಡಬೇಕಾಗಿದೆ. ಇದು ಲಿಂಗಾಯತ ಮಠದ ವೇದಿಕೆ. ಅರಸರ ಹೆಸರನ್ನು ಇಲ್ಲಿ ಎತ್ತಿದೊಡನೆ ಹಿರಿಯರ ಪೈಕಿ ಕೆಲವರ ಮುಖ ಬಿಗಿಯುವುದೆಂಬುದನ್ನು ನಾನು ಬಲ್ಲೆನು. ಬಿಗಿಯುವುದಕ್ಕೆ ಕಾರಣವೂ ಉಂಟು. ಆ ಕಾರಣವನ್ನು ಮುಚ್ಚಿಟ್ಟು ಬರಿಯ ಸ್ತುತಿಪಾಠವನ್ನು ಒಪ್ಪಿಸಿ ಇಳಿದುಹೋಗುವುದು ಈ ಪೀಠದ ಮುಂದೆ ತಕ್ಕ ನಡತೆಯಾಗಲಾರದು.

ವಿಷಯಕ್ಕೆ ಬರುವ ಮುನ್ನ ಸ್ವಲ್ಪ ದೂರ ಹೋಗಿ ಬರೋಣ. ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಆಫ್ರಿಕಾ ಮೂಲದ ಜನರು ತಲೆಮಾರುಗಳ ಕಾಲ ಗುಲಾಮರಾಗಿದ್ದು, 1865ರಲ್ಲಿ ಯುದ್ಧದ ಮೂಲಕ ಬಿಡುಗಡೆ ಹೊಂದಿದರು. ಅದೇ ವರ್ಷದ ಜನವರಿಯಲ್ಲಿ ಷೆರ್ಮನ್ ಎಂಬ ಸೇನಾಪತಿಯು, ಸಮುದ್ರತೀರದ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆಗೆ ಮೀರದಂತೆ ಹಂಚತಕ್ಕದ್ದೆಂದು ಆಜ್ಞೆಮಾಡಿದನು. ವರ್ಷ ತಿರುಗುವುದರೊಳಗಾಗಿ ಅಧ್ಯಕ್ಷ ಜಾನ್ಸನ್ನನು ಆ ನೆಲವನ್ನು ಹಳೆಯ ಒಡೆಯರಿಗೇ ಹಿಂತಿರುಗಿಸಿದನು. ಮತದಾನದ ಹಕ್ಕು ಮಾತ್ರ ಉಳಿಯಿತು. 1870ರಲ್ಲಿ ಹೈರಮ್ ರೆವಲ್ಸ್ ಎಂಬ ಕರಿಯ ಪಾದ್ರಿಯು ಮಿಸಿಸಿಪ್ಪಿಯಿಂದ ಸೆನೆಟ್ ಸಭೆಗೆ ಹೋಗಿ ಕುಳಿತನು. ಆದರೆ ಹೊಲವಿಲ್ಲದವನ ಮತವು ಎಷ್ಟು ದಿನ ನಿಂತೀತು? ಬಿಡುಗಡೆಯಾದವರು ಹಳೆಯ ಒಡೆಯನ ಹೊಲದಲ್ಲಿಯೇ ವಾರಕ್ಕೆ ದುಡಿಯತೊಡಗಿದರು. 1877ರಲ್ಲಿ ಕೇಂದ್ರ ಸರ್ಕಾರದ ಸೈನ್ಯದ ಆಸರೆ ತಪ್ಪಿತು. ತೆರಿಗೆಯ ನೆಪ, ಅಕ್ಷರ ಪರೀಕ್ಷೆಯ ನೆಪ, ಕೊನೆಗೆ ಹೊಡೆತ ಬಡಿತಗಳಿಂದ ದಕ್ಷಿಣದ ಸಂಸ್ಥಾನಗಳಲ್ಲಿ ಅವರ ಮತವೂ ಕೈಬಿಟ್ಟುಹೋಯಿತು. ಅದು ಮರಳಿ ಬಂದದ್ದು 1965ರಲ್ಲಿ. ಆ ವರ್ಷದ ಮಾರ್ಚಿ 7ರಂದು ಅಲಬಾಮದ ಸೆಲ್ಮಾ ಊರಿನ ಸೇತುವೆಯ ಮೇಲೆ ಪೋಲೀಸರ ದೊಣ್ಣೆಯಿಂದ ತಲೆಬುರುಡೆ ಒಡೆಸಿಕೊಂಡ ಇಪ್ಪತ್ತೈದು ವರ್ಷದ ತರುಣನೊಬ್ಬನಿದ್ದನು. ಹೆಸರು ಜಾನ್ ಲೂಯಿಸ್. ಅವನ ತಂದೆತಾಯಿಗಳು ಪರರ ಹೊಲವನ್ನು ವಾರಕ್ಕೆ ಮಾಡಿ, 1944ರಲ್ಲಿ 300 ಡಾಲರುಗಳನ್ನು ಕೂಡಿಟ್ಟು 110 ಎಕರೆ ನೆಲ ಕೊಂಡವರು. ಸ್ವಂತ ನೆಲದ ಮೇಲೆ ಬೆಳೆದ ಆ ಹುಡುಗನು 1987ರಿಂದ 2020ರಲ್ಲಿ ತೀರಿಕೊಳ್ಳುವವರೆಗೂ ತನ್ನ ದೇಶದ ಶಾಸನಸಭೆಯಲ್ಲಿ ಸದಸ್ಯನಾಗಿದ್ದನು.

ಈ ಕಥೆಯು ನಮಗೆ ತೀರ ಹೊರಗಿನದಲ್ಲ. ಪುಣೆಯ ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಎಂಬ ಗ್ರಂಥವನ್ನು ಅರ್ಪಿಸಿದ್ದು ಗುಲಾಮಗಿರಿಯನ್ನು ನಿರ್ಮೂಲಮಾಡಲು ಶ್ರಮಿಸಿದ ಅಮೇರಿಕಾದ ಸಜ್ಜನರಿಗೆ. ಅಂಬೇಡ್ಕರರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಎರಡು ದೇಶಗಳ ರೋಗವೂ ಒಂದೇ ಎಂದು ನಾನು ಹೇಳುವವನಲ್ಲ. ಅಲ್ಲಿ ಬಣ್ಣ, ಇಲ್ಲಿ ಹುಟ್ಟು. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಮತ ಮೊದಲೋ, ನೆಲ ಮೊದಲೋ, ಮಾನ ಮೊದಲೋ? ಈ ಮೂರಕ್ಕೂ ಏಕಕಾಲದಲ್ಲಿ ಕೈಹಾಕಿದವರು ನಮ್ಮ ನಾಡಿನಲ್ಲಿ ಅರಸರು. ಆ ಕೈಯಲ್ಲಿ ಎಷ್ಟು ದಕ್ಕಿತು, ಎಷ್ಟು ಜಾರಿತು ಎಂಬುದೇ ಈ ಹೊತ್ತಿನ ವಿಚಾರ.

ದೇವರಾಜ ಅರಸರು 1915ನೆಯ ಇಸವಿ ಆಗಸ್ಟ್ 20ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಅರಸು ಕುಲದವರು ಮೈಸೂರು ರಾಜಮನೆತನದೊಡನೆ ಸಂಬಂಧವುಳ್ಳವರೆಂಬುದು ತಮಗೆಲ್ಲ ತಿಳಿದದ್ದೇ. ಹೆಸರು ದೊಡ್ಡದು, ಸಂಖ್ಯೆ ಬಹು ಸಣ್ಣದು. ಮನೆಯಲ್ಲಿದ್ದುದು ಬೇಸಾಯ. ಮೈಸೂರಿನ ಅರಸು ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಪದವೀಧರರಾಗಿ, ನೌಕರಿಯನ್ನು ಅರಸದೆ ಊರಿಗೆ ಮರಳಿ ಹೊಲ ಮಾಡಿದರು. ಇವರ ತಮ್ಮಂದಿರಾದ ಕೆಂಪರಾಜ ಅರಸರು ಸಿನಿಮಾ ನಟರಾಗಿ ಹೆಸರುಪಡೆದರು. ದೇವರಾಜ ಅರಸರು 1941ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಮುಂದಕ್ಕೆ ಹುಣಸೂರು ಇವರ ಕ್ಷೇತ್ರವಾಯಿತು. ಮಂತ್ರಿಪದವಿಯನ್ನೂ ಕಂಡರು. ಆದರೂ 1969ರವರೆಗಿನ ಅವರ ಬಾಳಿನಲ್ಲಿ ಮುಂದೆ ಬರಲಿದ್ದುದನ್ನು ಸೂಚಿಸುವಂಥ ಮಹತ್ಕಾರ್ಯ ಯಾವುದೂ ನನಗೆ ಕಾಣುವುದಿಲ್ಲ. ಎತ್ತರದ ಆಳು, ಬಾಯಲ್ಲಿ ಪೈಪು, ಮಾತು ಕಡಮೆ, ಕಿವಿ ಹೆಚ್ಚು. ಹಳ್ಳಿಯವರ ಹೆಸರುಗಳನ್ನು ಮರೆಯದ ನೆನಪು. ಅಂಥವರು ಶಾಸನಸಭೆಯಲ್ಲಿ ಹಲವರಿದ್ದರು.

ಕಾಲವು ಒದಗಿಬಂದದ್ದು ಕಾಂಗ್ರೆಸ್ಸು ಇಬ್ಭಾಗವಾದಾಗ. 1956ರಲ್ಲಿ ಕನ್ನಡ ನಾಡು ಒಂದಾದಂದಿನಿಂದ 1971ರವರೆಗೆ ಮುಖ್ಯಮಂತ್ರಿಗಳಾದವರು ನಿಜಲಿಂಗಪ್ಪನವರು, ಜತ್ತಿಯವರು, ಕಂಠಿಯವರು, ವೀರೇಂದ್ರ ಪಾಟೀಲರು. ನಾಲ್ವರೂ ನಮ್ಮ ಸಮಾಜದವರು. ಅದಕ್ಕೆ ಮೊದಲು ಹಳೆಯ ಮೈಸೂರಿನಲ್ಲಿ ಒಕ್ಕಲಿಗರ ಕಾಲವಿತ್ತು. ಈ ನಾಲ್ವರಲ್ಲಿ ಒಬ್ಬೊಬ್ಬರೂ ಯೋಗ್ಯರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಗಸರ ಮನೆಯ ಹುಡುಗನೂ, ಕುಂಬಾರರ ಮನೆಯ ಹುಡುಗನೂ, ಉಪ್ಪಾರರವನೂ, ಗೊಲ್ಲರವನೂ ಆ ಪಟ್ಟಿಯನ್ನು ಓದುವಾಗ ಏನು ಅಂದುಕೊಂಡಿರಬಹುದೆಂದು ನಾವು ಆ ದಿನಗಳಲ್ಲಿ ಕೇಳಿಕೊಂಡೆವೆ? 1969ರಲ್ಲಿ ನಿಜಲಿಂಗಪ್ಪನವರು ಹಳೆಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಉಳಿದರು. ಅರಸರು ಇಂದಿರಾಗಾಂಧಿಯವರ ಕಡೆ ನಿಂತು, ಕೈಯಲ್ಲಿ ಹಣವೂ ಇಲ್ಲದೆ ಮುಖಂಡರೂ ಇಲ್ಲದೆ ಪಕ್ಷವನ್ನು ಕಟ್ಟಲು ಹೊರಟರು. ದೊಡ್ಡ ಕುಲಗಳ ದೊಡ್ಡ ಮನುಷ್ಯರು ಬರಲೊಲ್ಲದಿದ್ದುದರಿಂದ ಅವರು ಸಣ್ಣ ಕುಲಗಳಲ್ಲಿ ಆಳುಗಳನ್ನು ಹುಡುಕಿದರೆಂದು ಕೆಲವರು ಹೇಳುವರು. ಇರಬಹುದು. ಅನಿವಾರ್ಯವು ತೋರಿದ ದಾರಿಯನ್ನು ಧರ್ಮವೆಂದು ಹಿಡಿದು ನಡೆಯುವವರೂ ಲೋಕದಲ್ಲಿ ಉಂಟು. 1972ರ ಚುನಾವಣೆಯಲ್ಲಿ 216 ಸ್ಥಾನಗಳ ಪೈಕಿ 165 ಆ ಪಕ್ಷಕ್ಕೆ ಬಂದವು. ಗುರುಮಿಟ್ಕಲ್ಲಿನಿಂದ ಮಲ್ಲಿಕಾರ್ಜುನ ಖರ್ಗೆಯವರು, ಕಾರ್ಕಳದಿಂದ ವೀರಪ್ಪ ಮೊಯಿಲಿಯವರು ಶಾಸನಸಭೆಗೆ ಮೊದಲಬಾರಿಗೆ ಬಂದದ್ದು ಆ ವರ್ಷ. ಮೊಯಿಲಿಯವರು ಮುಂದೆ ಮುಖ್ಯಮಂತ್ರಿಗಳಾದರು. ಖರ್ಗೆಯವರು 2022ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1972ರ ಮಾರ್ಚಿ 20ರಂದು ಅರಸರು ಮುಖ್ಯಮಂತ್ರಿಗಳಾದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಇವರ ಕಾಲದಲ್ಲಿಯೇ, 1973ರ ನವೆಂಬರ್ 1ರಂದು.

ಮಹನೀಯರೇ, ಅರಸರು ಹುಟ್ಟಿನಿಂದ ದಲಿತರಲ್ಲ, ಬಡವರೂ ಅಲ್ಲ. ಅಮೇರಿಕಾದ ಕರಿಯ ಮುಖಂಡರೊಡನೆ ಯಾರನ್ನಾದರೂ ಹೋಲಿಸಬೇಕಾದರೆ ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರನ್ನು ಹೋಲಿಸಬೇಕು. ಹೆಸರಿನಲ್ಲಿ ಬಸವನೂ ಇದ್ದಾನೆ, ಲಿಂಗವೂ ಇದೆ. ಹುಟ್ಟಿದ ಕುಲವು ಊರ ಹೊರಗಿನದು. ವಕೀಲರಾಗಿ, ಅಂಬೇಡ್ಕರರ ವಿಚಾರದಲ್ಲಿ ನೆಲೆನಿಂತವರು. ಪೌರಾಡಳಿತದ ಮಂತ್ರಿಗಳಾಗಿ ಅವರು ಮಾಡಿದ ಒಂದು ಕಾರ್ಯವನ್ನು ಇಲ್ಲಿ ಹೇಳಲೇಬೇಕು. ನಗರಗಳಲ್ಲಿ ಕೆಲವರು ಮಾನವ ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸುವ ಪದ್ಧತಿಯಿತ್ತು. ಮಳೆಗಾಲದಲ್ಲಿ ಅದು ಹೊತ್ತವರ ಮುಖದ ಮೇಲೆ ಇಳಿಯುತ್ತಿತ್ತು. ಇದನ್ನು ನಾನು ಅಲಂಕಾರವಾಗಿ ಹೇಳುತ್ತಿಲ್ಲ, ನಡೆಯುತ್ತಿದ್ದುದೇ ಹಾಗೆ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಅನ್ವಯಿಸುವ ಶಾಸನವನ್ನು ಪಾರ್ಲಿಮೆಂಟು ಮಾಡಿದ್ದು 1993ರಲ್ಲಿ, ಅಂದರೆ ಇಪ್ಪತ್ತು ವರ್ಷಗಳಷ್ಟು ತಡವಾಗಿ. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹಿರಿಯರೆಂದು ನೆನೆಯುವ ನಾವು ಈ ಆಜ್ಞೆಯನ್ನು ನಮ್ಮ ಕೆಲಸವೆಂದೇ ಭಾವಿಸಿ ಮೊದಲೇ ಮಾಡಬಹುದಾಗಿತ್ತು. ನಾವು ಮಾಡಲಿಲ್ಲ, ಅವರು ಮಾಡಿದರು.

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬಹುಭಾಗ ಬೂಸಾ ಎಂಬರ್ಥದ ಮಾತನ್ನು ಆಡಿದರು. ಆ ಮಾತು ಬಿರುಸಾದುದು. ಪಂಪನಿಂದ ಮೊದಲುಗೊಂಡು ಇಂದಿನವರೆಗಿನ ಸಾಹಿತ್ಯವನ್ನು ಒಂದೇ ಮೊರದಲ್ಲಿ ಕೇರುವುದು ನ್ಯಾಯವಲ್ಲವೆಂದು ವಾದಿಸಬಹುದು. ನಮ್ಮ ವಚನಗಳೂ ಆ ಮೊರದೊಳಗೆ ಬಿದ್ದವಲ್ಲ ಎಂದು ನೊಂದುಕೊಳ್ಳಲೂಬಹುದು. ಆದರೆ ಉತ್ತರವು ವಾದದ ರೂಪದಲ್ಲಿ ಬರಲಿಲ್ಲ. ಮೈಸೂರು ಬೆಂಗಳೂರುಗಳಲ್ಲಿ ವಿದ್ಯಾರ್ಥಿಗಳ ಗುಂಪುಗಳು ಬೀದಿಗಿಳಿದವು. ದಲಿತ ವಿದ್ಯಾರ್ಥಿಗಳಿಗೆ ಪೆಟ್ಟುಗಳು ಬಿದ್ದವು. ಭಾಷೆಯ ಅಭಿಮಾನವು ಭಾಷೆಯನ್ನೇ ಮಾತನಾಡುವ ಬಡ ಹುಡುಗರ ಮೇಲೆ ಕೈಮಾಡಿತು. ಕುವೆಂಪುರವರು ಬಸವಲಿಂಗಪ್ಪನವರ ಪರವಾಗಿ ನಿಂತದ್ದು ಆಗಿನ ದೊಡ್ಡ ಆಸರೆ. ಕೊನೆಗೆ ಬಸವಲಿಂಗಪ್ಪನವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಅರಸರು ಅವರನ್ನು ಉಳಿಸಿಕೊಳ್ಳಲಿಲ್ಲ. ಉಳಿಸಿಕೊಳ್ಳುವ ಶಕ್ತಿಯಿರಲಿಲ್ಲವೆಂದು ಅರಸರ ಅಭಿಮಾನಿಗಳು ಹೇಳುವರು. 165 ಸ್ಥಾನಗಳ ಬಲವಿದ್ದವರಿಗೆ ಶಕ್ತಿಯಿರಲಿಲ್ಲವೆಂಬುದನ್ನು ನಾನು ನಂಬಲಾರೆ, ಅದು ಲೆಕ್ಕಾಚಾರ. ಆದರೆ ಆ ಪೆಟ್ಟು ತಿಂದ ಹುಡುಗರೂ ಅದನ್ನು ಕಂಡವರೂ ಸುಮ್ಮನೆ ಕೂರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿಯು ರೂಪುಗೊಂಡಿತು. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರೂ, ಸಿದ್ಧಲಿಂಗಯ್ಯನವರೂ ಕನ್ನಡದಲ್ಲಿ ಬರೆದದ್ದನ್ನು ಬೂಸಾ ಎಂದು ಯಾರೂ ಹೇಳಲಾರರು. ಬಸವಲಿಂಗಪ್ಪನವರು 1992ರಲ್ಲಿ ತೀರಿಕೊಂಡರು.

ಇನ್ನು ನೆಲದ ಮಾತು. ಭೂಸುಧಾರಣೆಯೆಂಬುದನ್ನು ಅರಸರೇ ಹುಟ್ಟುಹಾಕಿದರೆಂದು ತಿಳಿಯಬಾರದು. ಮೊದಲ ಶಾಸನವು 1961ರದು. ಅದರ ಹಿಂದೆ ಜತ್ತಿಯವರ ಸಮಿತಿಯ ಶ್ರಮವಿದ್ದಿತು. ಆದರೆ ಅದರಲ್ಲಿ ಒಡೆಯನು ತಾನೇ ಉಳುವೆನೆಂದು ಹೇಳಿ ಗೇಣಿದಾರನನ್ನು ಬಿಡಿಸುವುದಕ್ಕೆ ಬೇಕಾದಷ್ಟು ಸಂದುಗಳಿದ್ದುವು. ಅರಸರ ಸರ್ಕಾರವು 1973ರಲ್ಲಿ ತಿದ್ದುಪಡಿಮಾಡಿ 1974ರ ಮಾರ್ಚಿ 1ರಿಂದ ಜಾರಿಗೆ ತಂದ ಕಾಯಿದೆಯು ಆ ಸಂದುಗಳನ್ನು ಮುಚ್ಚಿತು. ಗೇಣಿಗೆ ಕೊಟ್ಟ ಜಮೀನೆಲ್ಲವೂ ಅಂದಿನಿಂದ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ‘ನಮೂನೆ 7’ ಎಂಬ ಅರ್ಜಿಯನ್ನು ತುಂಬಿ ಹಕ್ಕನ್ನು ಕೇಳಬೇಕು. ತೀರ್ಮಾನಮಾಡುವವರು ಸಿವಿಲ್ ನ್ಯಾಯಾಲಯದವರಲ್ಲ. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರಾಗಿ, ಸರ್ಕಾರವು ನೇಮಿಸಿದ ನಾಲ್ವರು ಸದಸ್ಯರನ್ನೊಳಗೊಂಡ ಭೂನ್ಯಾಯಮಂಡಳಿ. ಆ ನಾಲ್ವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ವರ್ಗದವರಾಗಿರತಕ್ಕದ್ದು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇದೇ ಈ ಕಾಯಿದೆಯ ಮರ್ಮವೆಂದು ನಾನು ತಿಳಿಯುವೆನು. ಶಾನುಭೋಗರ ಪಹಣಿಯಲ್ಲಿ ಹೆಸರೇ ಇಲ್ಲದ ಗೇಣಿದಾರನು ನ್ಯಾಯಾಲಯಕ್ಕೆ ಹೋದರೆ ಕಾಗದವಿದ್ದವನು ಗೆಲ್ಲುವನು. ನ್ಯಾಯಮಂಡಳಿಯ ಮುಂದಾದರೋ, ನೆರೆಹೊಲದವನು ಬಂದು ‘ಇವನೇ ಉಳುತ್ತಿದ್ದನು ಸ್ವಾಮಿ’ ಎಂದರೆ ಆ ಮಾತಿಗೂ ಬೆಲೆಯುಂಟು. ಅರ್ಜಿ ಕೊಡುವ ಕೊನೆಯ ದಿನವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ರಾಜ್ಯದಲ್ಲಿ 8 ಲಕ್ಷಕ್ಕೂ ಮೇಲ್ಪಟ್ಟು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಅರ್ಜಿದಾರರಿಗೆ ಹಕ್ಕು ದೊರೆಯಿತು. ವ್ಯವಸಾಯಗಾರನಲ್ಲದೆ ವರ್ಷಕ್ಕೆ 12,000 ರೂಪಾಯಿಗಳಿಗೆ ಮೀರಿ ವರಮಾನವುಳ್ಳವನು ಹೊಲ ಕೊಳ್ಳಕೂಡದೆಂಬ ಕಟ್ಟೂ ಇತ್ತು. ಆ ಮೊತ್ತವು ಮುಂದೆ ಬೆಳೆಯುತ್ತಾ ಹೋಗಿ, 2020ರಲ್ಲಿ ಕಟ್ಟೇ ಕಿತ್ತುಹೋಯಿತು.

ಮಠಗಳ ಗೇಣಿ ಭೂಮಿಯೂ ಇದರಲ್ಲಿ ಹೋಯಿತು. ಅದಕ್ಕೆ ಪ್ರತಿಯಾಗಿ ವರ್ಷಾಸನವನ್ನು ಗೊತ್ತುಮಾಡಿದರು. ಹೋದದ್ದಕ್ಕೆ ಬಂದದ್ದು ಸಾಟಿಯಲ್ಲವೆಂಬುದು ಲೆಕ್ಕ ಬಲ್ಲವರಿಗೆಲ್ಲ ಗೊತ್ತು. ದಾಸೋಹವು ನಡೆಯುತ್ತಿದ್ದುದು ಆ ಹೊಲದ ರಾಗಿ ಭತ್ತಗಳಿಂದ. ಬಡ ವಿದ್ಯಾರ್ಥಿಗಳು ಉಂಡದ್ದೂ ಅದನ್ನೇ. ಆದುದರಿಂದ ಮಠಾಧಿಪತಿಗಳು ನೊಂದರೆ ಅದು ದುರಾಶೆಯ ನೋವಲ್ಲ. ಆದರೆ ಆ ಹೊಲವನ್ನು ಉತ್ತವನ ಮಕ್ಕಳು ಎಲ್ಲಿ ಉಂಡರು, ಮಠದ ವಿದ್ಯಾರ್ಥಿನಿಲಯದ ಬಾಗಿಲಿಗೆ ಅವರೂ ಬಂದರೆ, ಬಂದರೆ ಒಳಗೆ ಯಾವ ಪಂಕ್ತಿಯಲ್ಲಿ ಕುಳಿತರು ಎಂಬ ಪ್ರಶ್ನೆಗಳನ್ನು ಒಂದೊಂದು ಮಠವೂ ತನ್ನ ಕಡತಗಳನ್ನು ತೆರೆದು ತಾನೇ ಕೇಳಿಕೊಳ್ಳಬೇಕು. ಕಲ್ಯಾಣದಲ್ಲಿ ದಾಸೋಹವು ನಡೆದದ್ದು ಕಾಯಕದ ಫಲದಿಂದ, ಗೇಣಿಯಿಂದಲ್ಲ. ಇದನ್ನು ಈ ವೇದಿಕೆಯಲ್ಲಲ್ಲದೆ ಬೇರೆ ಎಲ್ಲಿ ಹೇಳಲಿ?

ಇದಕ್ಕಿಂತಲೂ ದೊಡ್ಡ ಗಾಯವು ಮೀಸಲಾತಿಯದು. ಇದನ್ನು ಅರಿಯಬೇಕಾದರೆ 1918ಕ್ಕೆ ಹೋಗಬೇಕು. ಅಂದು ಮೈಸೂರು ಸಂಸ್ಥಾನದ ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದರೆಂದೂ, ಮಿಕ್ಕವರಿಗೂ ಅವಕಾಶವಾಗಬೇಕೆಂದೂ ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಒಂದಾಗಿ ಬಿನ್ನವಿಸಿಕೊಂಡರು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯಲ್ಲಿ ನಮ್ಮವರು ಮುಂದಿನ ಸಾಲಿನಲ್ಲಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ನೌಕರಿಗಳಲ್ಲಿ ಹಿಂದುಳಿದವರಿಗೆ ಪಾಲಿರಬೇಕೆಂದು ಅದು ಹೇಳಿತು. ‘ಯೋಗ್ಯತೆಯೊಂದೇ ಸಾಕು’ ಎಂದು ವಾದಿಸಿ ಅದನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಪದವಿಯನ್ನು ಬಿಟ್ಟರು. ಆ ವಾದಕ್ಕೆ ಅಂದು ನಮ್ಮ ಹಿರಿಯರು ಕೊಟ್ಟ ಉತ್ತರವೇನು? ಅಕ್ಷರವನ್ನೇ ಕೊಡದೆ ಯೋಗ್ಯತೆಯನ್ನು ಕೇಳುವುದು ನ್ಯಾಯವಲ್ಲವೆಂಬುದು. ಆ ಉತ್ತರವು ಸರಿಯಾಗಿತ್ತು.

ಅರ್ಧ ಶತಮಾನ ಕಳೆಯಿತು. ನಾಗನಗೌಡರ ಸಮಿತಿಯು 1961ರಲ್ಲಿ, ಲಿಂಗಾಯತರು ಇನ್ನು ಹಿಂದುಳಿದವರಲ್ಲವೆಂದು ಹೇಳಿತು. ಸರ್ಕಾರವು ಅದನ್ನು ಒಪ್ಪದೆ ನಮ್ಮನ್ನು ಸೇರಿಸಿಕೊಂಡಿತು. ಮೀಸಲು ಶೇಕಡ 68ಕ್ಕೆ ಏರಿತು. 1962ರಲ್ಲಿ ಬಾಲಾಜಿ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. ಅರಸರು 1972ರಲ್ಲಿ ವಕೀಲ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿದರು. 1975ರ ನವೆಂಬರಿನಲ್ಲಿ ವರದಿ ಬಂದಿತು. ಹಿಂದುಳಿದವರ ಪಟ್ಟಿಯಲ್ಲಿ ಒಕ್ಕಲಿಗರಿದ್ದರು, ಲಿಂಗಾಯತರಿರಲಿಲ್ಲ. 1977ರಲ್ಲಿ ಅರಸರು ಅದನ್ನು ಆಜ್ಞೆಯಾಗಿ ಹೊರಡಿಸಿದರು.

ಆಗ ಎದ್ದ ಕೋಪವನ್ನು ನೆನೆಯುವವರು ಈ ಸಭೆಯಲ್ಲಿಯೇ ಇರಬಹುದು. ಕೋಪದಲ್ಲಿ ಒಂದಂಶ ನ್ಯಾಯವೂ ಇತ್ತು. ಲಿಂಗಾಯತವೆಂಬುದು ಒಂದೇ ಸಮನಾದ ಗುಂಪಲ್ಲ. ಕಾಯಕದ ಹೆಸರು ಹೊತ್ತ ಬಡ ಲಿಂಗಾಯತರು, ಕುಂಬಾರರು, ಗಾಣಿಗರು, ಹಡಪದದವರು ಇದ್ದಾರೆ; ಇವರ ಮನೆಯ ಹುಡುಗನನ್ನು ದೊಡ್ಡ ಜಮೀನುದಾರನ ಮಗನೊಡನೆ ಒಂದೇ ಸಾಲಿಗೆ ನಿಲ್ಲಿಸುವುದು ಸರಿಯಲ್ಲ. ಅಲ್ಲದೆ ಒಕ್ಕಲಿಗರನ್ನು ಒಳಗಿಟ್ಟು ನಮ್ಮನ್ನು ಮಾತ್ರ ಹೊರಗಿಟ್ಟದ್ದರಲ್ಲಿ ರಾಜಕೀಯದ ವಾಸನೆಯಿಲ್ಲವೆಂದು ಹೇಳುವುದು ಕಷ್ಟ. ಎರಡು ದೊಡ್ಡ ಕುಲಗಳನ್ನು ಬೇರ್ಪಡಿಸಿದರೆ ಆಳುವುದು ಸುಲಭವೆಂಬುದನ್ನು ಅರಸರು ಬಲ್ಲರು. ಇಷ್ಟನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. 1975ರಲ್ಲಿ ನಮ್ಮಲ್ಲಿ ಹಲವರು ಆಡಿದ ವಾದವು, 1918ರಲ್ಲಿ ನಮ್ಮ ಹಿರಿಯರ ವಿರುದ್ಧ ಆಡಿದ ವಾದವೇ ಆಗಿತ್ತು. ‘ಯೋಗ್ಯತೆಯೊಂದೇ ಸಾಕು’ ಎಂಬುದು. ಬಾಯಿ ಬದಲಾಗಿತ್ತು. ನಾವು ಏರಿದ ಏಣಿಯ ಕೆಳಮೆಟ್ಟಿಲಿನಲ್ಲಿ ಮತ್ತೊಬ್ಬನು ಕಾಲಿಟ್ಟಾಗ ಏಣಿಯೇ ಅನ್ಯಾಯವೆಂದು ನಾವು ಕೂಗಿದೆವು. ಮುಂದಿನ ಸರ್ಕಾರಗಳು ಪಟ್ಟಿಯನ್ನು ಮತ್ತೆ ಮತ್ತೆ ತಿದ್ದಿದವು. ನಮ್ಮ ಸಮಾಜವು ಮೂರನೆಯ ಪ್ರವರ್ಗದ ‘ಬಿ’ ಭಾಗದಲ್ಲಿ ಸೇರಿತು. ಆ ಜಗಳವು ಇಂದಿಗೂ ತೀರಿಲ್ಲ, ಒಳಪಂಗಡಗಳ ಬೇಡಿಕೆಗಳಾಗಿ ಬೆಳೆದಿದೆ. ಹಾವನೂರರ ಪಟ್ಟಿಯಿಂದ ವಿದ್ಯಾರ್ಥಿನಿಲಯ ಸೇರಿ, ಓದಿ, ಅಮಲ್ದಾರರೋ ವೈದ್ಯರೋ ಆದ ಸಣ್ಣ ಕುಲದ ಮಕ್ಕಳು ಈ ಸೀಮೆಯ ಹಳ್ಳಿ ಹಳ್ಳಿಗಳಲ್ಲಿಯೂ ಇರುವರು. ಅವರು ನಮ್ಮಿಂದ ಕಿತ್ತುಕೊಂಡವರಲ್ಲ.

ಅರಸರನ್ನು ಕುರಿತು ಕಹಿಯಾದುದನ್ನೂ ಹೇಳಬೇಕು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಾಗ ಅವರು ಮುಖ್ಯಮಂತ್ರಿಗಳು. ವಾಜಪೇಯಿ, ಆಡ್ವಾಣಿ ಮೊದಲಾದವರನ್ನು ಬಂಧಿಸಿ ಇಟ್ಟದ್ದು ಬೆಂಗಳೂರಿನ ಸೆರೆಮನೆಯಲ್ಲಿ. ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಅದೇ ಸೆರೆಗೆ ತಳ್ಳಿದರು. ಉಬ್ಬಸದಿಂದ ನರಳಿದ ಆಕೆಯನ್ನು 1977ರ ಜನವರಿಯಲ್ಲಿ ಬಿಟ್ಟ ಕೆಲವೇ ದಿನಗಳಲ್ಲಿ ಪ್ರಾಣ ಹೋಯಿತು. ಮಿಕ್ಕ ರಾಜ್ಯಗಳಿಗಿಂತ ಕರ್ನಾಟಕದಲ್ಲಿ ಕಿರುಕುಳ ಕಡಮೆಯಿತ್ತೆಂದು ಹೇಳುವುದು ವಾಡಿಕೆ. ಆ ಹೋಲಿಕೆಯಿಂದ ಸ್ನೇಹಲತಾರಿಗೆ ಏನಾಯಿತು? ಹಕ್ಕುಗಳನ್ನು ಕೊಟ್ಟವರ ಆಡಳಿತದಲ್ಲಿಯೇ ಹಕ್ಕುಗಳೆಲ್ಲ ಅಮಾನತ್ತಿನಲ್ಲಿದ್ದವೆಂಬುದು ಅರಸರ ಜೀವನದ ದೊಡ್ಡ ಕಲೆ. ಜೀತಪದ್ಧತಿಯ ನಿಷೇಧ, ಬಡ ರೈತರ ಸಾಲ ವಿಮೋಚನೆ ಮೊದಲಾದ ಕಾರ್ಯಗಳು ಇದೇ ವರ್ಷಗಳಲ್ಲಿ ನಡೆದುವು. ಎರಡೂ ನಿಜ. ಲಂಚದ ಆರೋಪಗಳ ವಿಚಾರಣೆಗೆ ಕೇಂದ್ರ ಸರ್ಕಾರವು 1977ರಲ್ಲಿ ಗ್ರೋವರ್ ಆಯೋಗವನ್ನು ನೇಮಿಸಿತು. ಆ ವರ್ಷದ ಡಿಸೆಂಬರ್ 31ರಂದು ಮಂತ್ರಿಮಂಡಲವು ಹೋಯಿತು. ಎರಡು ತಿಂಗಳಲ್ಲಿ ಜನರು ಮತ್ತೆ ಅವರನ್ನೇ ಆರಿಸಿದರು. 1978ರ ನವೆಂಬರಿನಲ್ಲಿ ಇಂದಿರಾಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿದವರು ಅರಸರು. ಮರುವರ್ಷವೇ ಇಬ್ಬರಿಗೂ ಮುರಿಯಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅರಸರ ಪಕ್ಷವು ಕರ್ನಾಟಕದಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ನೆಲ ಪಡೆದವರೂ ನಿಲಯ ಪಡೆದವರೂ ಅವರ ಪೆಟ್ಟಿಗೆಗೆ ಮತ ಹಾಕಲಿಲ್ಲವೆಂದರೆ ಜನರು ಕೃತಘ್ನರೆಂದು ಕೆಲವರು ಬರೆದರು. ಹಕ್ಕೆಂದು ಕೊಟ್ಟದ್ದಕ್ಕೆ ಋಣವೆಂದು ಮತ ಕೇಳುವುದು ಸರಿಯೆ? ಪದವಿ ಬಿಟ್ಟ ಅರಸರು 1982ರ ಜೂನ್ 6ರಂದು ದೈವಾಧೀನರಾದರು.

ಕೊನೆಯದಾಗಿ, ಈ ಸೀಮೆಯ ಅಂಚಿನಲ್ಲಿರುವ ಕಾಕನಕೋಟೆಯ ಕಾಡಿನ ಕಡೆ ತಿರುಗೋಣ. ಮಾಸ್ತಿಯವರ ನಾಟಕದಿಂದ ಆ ಹೆಸರು ನಾಡಿಗೆಲ್ಲ ತಿಳಿದಿದೆ. ಮಹಾರಾಜರ ಕಾಲದ ಖೆಡ್ಡಾಗಳಿಂದ ಲೋಕಕ್ಕೆಲ್ಲ ತಿಳಿದಿದೆ. ಆನೆಗಳನ್ನು ಹೊಳೆಗೆ ಅಟ್ಟಿ ಹಿಡಿಯುತ್ತಿದ್ದ ಆ ಮಹೋತ್ಸವದಲ್ಲಿ ದೊರೆಗಳೂ ವೈಸರಾಯಿಗಳೂ ಅಟ್ಟಣೆಯ ಮೇಲೆ ಕುಳಿತಿರುತ್ತಿದ್ದರು. ಕಾಡಿನೊಳಗೆ ಆನೆಯ ಹಿಂದೆ ಪ್ರಾಣವನ್ನು ಒತ್ತೆಯಿಟ್ಟು ಓಡುತ್ತಿದ್ದವರು ಜೇನುಕುರುಬರು, ಕಾಡುಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿಯ ಅಣೆಕಟ್ಟು 1974ರಲ್ಲಿ ಮುಗಿದು ಆ ನೆಲವೆಲ್ಲ ನೀರಿನಡಿಗೆ ಸೇರಿತು. ಅದೇ 1974ರಲ್ಲಿ ನಾಗರಹೊಳೆಯ ಅಭಯಾರಣ್ಯವನ್ನು ಮೈಸೂರು ಜಿಲ್ಲೆಯ ಕಾಡುಗಳಿಗೂ ವಿಸ್ತರಿಸಿದರು; ಹಾಡಿಗಳಲ್ಲಿದ್ದವರು ಕಾಡಿನ ಹೊರಕ್ಕೆ ಬರಬೇಕಾಯಿತು. ಇದೂ ಅರಸರ ಆಡಳಿತದ ವರ್ಷವೇ. ಉಳುವವನಿಗೆ ಹೊಲವನ್ನು ಕೊಟ್ಟ ಕಾಯಿದೆಯು ಮಾರ್ಚಿ ತಿಂಗಳಿನಲ್ಲಿ ಜಾರಿಗೆ ಬಂದ ಅದೇ ವರ್ಷ, ಅವರ ಸ್ವಂತ ತಾಲ್ಲೂಕಿನ ಪಕ್ಕದಲ್ಲಿಯೇ, ತಲೆತಲಾಂತರದಿಂದ ಕಾಡಿನಲ್ಲಿ ಇದ್ದವರು ನೆಲೆಗೆಟ್ಟರು.

ಅವರಿಗೆ ನಮೂನೆ 7ರಿಂದ ಪ್ರಯೋಜನವಾಗಲಿಲ್ಲ. ಏಕೆಂದರೆ ಆ ಕಾಗದದಲ್ಲಿ ಒಡೆಯನ ಹೆಸರನ್ನು ಬರೆಯಬೇಕು, ಕೊಟ್ಟ ಗೇಣಿಯನ್ನು ಬರೆಯಬೇಕು. ಜೇನುಕುರುಬನಿಗೆ ಒಡೆಯನಿರಲಿಲ್ಲ, ಅವನು ಗೇಣಿ ಕೊಟ್ಟವನಲ್ಲ. ಗುಲಾಮನಾಗಿದ್ದರೆ ಬಿಡುಗಡೆಯ ಪತ್ರ ಸಿಗುತ್ತಿತ್ತು, ಗೇಣಿದಾರನಾಗಿದ್ದರೆ ಹಕ್ಕಿನ ಪತ್ರ ಸಿಗುತ್ತಿತ್ತು. ಸ್ವತಂತ್ರನಾಗಿದ್ದವನಿಗೆ ಯಾವ ಪತ್ರವೂ ಇಲ್ಲದಾಯಿತು. ಪಾರ್ಲಿಮೆಂಟು 2006ರಲ್ಲಿ ಮಾಡಿದ ಅರಣ್ಯಹಕ್ಕು ಕಾಯಿದೆಯು ಅವರಿಗಾಗಿ ಬೇರೊಂದು ನಮೂನೆಯನ್ನು ಮಾಡಿತು. 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿ ವಾಸವಿದ್ದೆನೆಂದು ತೋರಿಸಿ ಗ್ರಾಮಸಭೆಯ ಮುಂದೆ ಅರ್ಜಿಯಿಡಬೇಕು. ಆ ಹೊತ್ತಿಗೆ ಅವರಲ್ಲಿ ಎಷ್ಟೋ ಮಂದಿ ಕಾಡಿನ ಹೊರಗೆ ಮೂವತ್ತು ವರ್ಷಗಳನ್ನು ಕಳೆದಿದ್ದರು. ಕೊಡಗಿನ ಕಾಫಿತೋಟಗಳಲ್ಲಿ ಕೂಲಿಗೆ ಹೋಗುತ್ತಿದ್ದರು. ಹಾಡಿಯ ಹಳೆಯ ದೇವರ ಬನವನ್ನೂ ಹಿರಿಯರ ಸಮಾಧಿಗಳನ್ನೂ ಸಾಕ್ಷಿಯಾಗಿ ತೋರಿಸುವರು. ಆ ಸಾಕ್ಷಿಯನ್ನು ಕೇಳಿ ಬರೆದುಕೊಳ್ಳಬಲ್ಲ, ಅರ್ಜಿಯನ್ನು ತುಂಬಿಕೊಡಬಲ್ಲ ಓದಿದ ಮಕ್ಕಳು ಮಠಗಳ ವಿದ್ಯಾರ್ಥಿನಿಲಯಗಳ ತುಂಬ ಇರುವರು; ಹುಣಸೂರಿನಿಂದ ಆ ಹಾಡಿಗಳಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ.